ಅಕ್ಕನ ಮಾಳಿಗೆಯ ರಾಕೆಟ್ಟು

ಯಾದಗಿರಿಯ ನಮ್ಮ ಓಣಿಯಲ್ಲಿ ಈಗ ಪಟಾಕಿ ಹೊಡೆಯಲು ಹಬ್ಬವೇ ಬರಬೇಕೆಂದಿಲ್ಲ. ಯಾರದೋ ಹುಟ್ಟುಹಬ್ಬ, ಯಾರೋ ಸೊಸೈಟಿ ಚುನಾವಣೆಯಲ್ಲಿ ಗೆದ್ದರು, ಯಾರೋ ಹೊಸ ಟ್ರ್ಯಾಕ್ಟರ್ ತಂದರು, ಸಾಕು. ಒಂದೇ ಡಬ್ಬಿಯಿಂದ ನೂರು ಗುಂಡು ಹಾರಿ ಆಕಾಶವೆಲ್ಲ ಹಸಿರು ಕೆಂಪಾಗುತ್ತದೆ. ನಾನು ಕಿಟಕಿ ಹಾಕಿಕೊಂಡು ಒಳಗೆ ಕೂರುತ್ತೇನೆ. ಇಪ್ಪತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ನನ್ನ ಕಿವಿಯ ಪಾಲಿಗೆ ಬರಬೇಕಾದ ಗದ್ದಲವೆಲ್ಲ ಬಂದು ಮುಗಿದಿದೆ. "ಅವ್ವಗ ಪಟಾಕಿ ಅಂದ್ರ ಅಂಜಿಕಿ" ಎಂದು ಮಗಳು ನಗುತ್ತಾಳೆ. ಅಂಜಿಕೆಯಲ್ಲ, ಸಿಟ್ಟು. ಇಷ್ಟೆಲ್ಲ ಸುಟ್ಟು ಯಾರಿಗೆ ಏನು ಹೇಳಿದಂತಾಯಿತು ಎಂಬ ಸಿಟ್ಟು.

ಏಕೆಂದರೆ ನಾನು ಬೆಳೆದ ಮನೆಯಲ್ಲಿ ರಾಕೆಟ್ಟು ಏನನ್ನೋ ಹೇಳುತ್ತಿತ್ತು. ನಮ್ಮ ಹೊಟ್ಟೆಯ ಸುದ್ದಿ ಹೇಳುತ್ತಿತ್ತು.

ನಮ್ಮ ಹೊಲ ಸಗರದ ಆಚೆ, ಕಾಲುವೆಯ ಕಟ್ಟಕಡೆಯಲ್ಲಿತ್ತು. ಕೃಷ್ಣೆಯ ನೀರು ಅಷ್ಟು ದೂರದಿಂದ ಹೊರಟು, ದೊಡ್ಡ ಕಾಲುವೆಯಿಂದ ಸಣ್ಣದಕ್ಕೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ಇಳಿದು, ದಾರಿಯಲ್ಲಿದ್ದವರೆಲ್ಲ ತೆಗೆದುಕೊಂಡ ಮೇಲೆ ಉಳಿದದ್ದು ನಮಗೆ. ನೀರು ಪಾಳಿಯ ಮೇಲೆ ಬರುತ್ತಿತ್ತು. ಇಂಥ ಊರಿಗೆ ಇಂಥ ದಿನ ಎಂದು ಕಾಲುವೆ ಕಚೇರಿಯ ಗೋಡೆಗೆ ಹಾಳೆ ಅಂಟಿಸುತ್ತಿದ್ದರು. ಆ ಹಾಳೆಯನ್ನು ನೀರು ಮಾತ್ರ ಓದಿರುತ್ತಿರಲಿಲ್ಲ. ಎರಡು ದಿನ ಮೊದಲೇ ಬರುತ್ತಿತ್ತು, ಇಲ್ಲವೇ ನಾಲ್ಕು ದಿನ ತಡ. ಬಂದಾಗ ಹೊಲದಲ್ಲಿ ಯಾರೂ ಇಲ್ಲದಿದ್ದರೆ ನಮ್ಮ ಪಾಲು ಸುಮ್ಮನೆ ಹಳ್ಳಕ್ಕೆ ಹೋಗುತ್ತಿತ್ತು. ಆಗ ಫೋನು ಇದ್ದದ್ದು ಶಹಾಪುರದಲ್ಲಿ, ಅದೂ ದೊಡ್ಡವರ ಅಂಗಡಿಗಳಲ್ಲಿ. ಹೀಗಾಗಿ ಪಾಳಿಯ ವಾರ ಬಂತೆಂದರೆ ಅಪ್ಪ ಹೊಲದಲ್ಲೇ ಕಂಬಳಿ ಹಾಸಿಕೊಂಡು ಬೀಳುತ್ತಿದ್ದ. ಮನೆಗೆ ಬಂದರೆ ಎಲ್ಲರ ಮೇಲೂ ಹರಿಹಾಯುತ್ತಿದ್ದ.

ಅಕ್ಕನನ್ನು ಅದೇ ಕಾಲುವೆಯ ಮೇಲಿನ ಊರಿಗೆ ಕೊಟ್ಟಿದ್ದರು. ನಮ್ಮಿಂದ ಒಂದು ಹರದಾರಿ, ನಡೆದರೆ ಒಂದು ತಾಸಿಗೂ ಸ್ವಲ್ಪ ಹೆಚ್ಚು. ಮದುವೆಯಾದ ವರ್ಷದ ದೀಪಾವಳಿಗೆ ಅಳಿಯ ನಮ್ಮ ಮನೆಗೆ ಬಂದವನು ಶಹಾಪುರದಿಂದ ಒಂದು ಕಟ್ಟು ರಾಕೆಟ್ ತಂದಿದ್ದ. ಅಪ್ಪನಿಗೆ ಇದೆಲ್ಲ ಆಗದು. ನನಗೆ ಒಂದು ಸುರುಸುರು ಬತ್ತಿ ಕೊಡಿಸಲು ಕೂಡ "ಸುಟ್ಟು ಹೊಗಿ ನೋಡಾಕ ಹುಚ್ಚೇನ" ಎನ್ನುತ್ತಿದ್ದ ಮನುಷ್ಯ. ಹೊಸ ಅಳಿಯನೆಂದು ಬಾಯಿ ಮುಚ್ಚಿಕೊಂಡು ಮಾಳಿಗೆಯ ಮೇಲೆ ಬಂದು ನಿಂತಿದ್ದ. ಮೊದಲ ರಾಕೆಟ್ಟು ಹಾರಿ ಮೇಲೆ ಒಡೆದಾಗ ಅಳಿಯ ಖುಷಿಯಿಂದ ಹೇಳಿದ, "ಇದು ನಮ್ಮೂರಿಗಿ ಕಾಣ್ತದರಿ ಮಾಮಾ. ಹೋದ ವರ್ಷ ನಿಮ್ಮೂರಾಗ ಹಾರಿಸಿದ್ದು ನಾವು ಮಾಳಗಿ ಮ್ಯಾಲಿಂದ ನೋಡೀವಿ."

"ಖರೇನ?" ಎಂದ ಅಪ್ಪ. "ಹಂಗಾದ್ರ ನಿಮ್ಮೂರಾಗ ಹಾರಿಸಿದ್ದೂ ನಮಗ ಕಾಣಬೇಕಲ್ಲ?"

ಉಳಿದ ರಾಕೆಟ್ಟುಗಳನ್ನು ಅಂದು ಯಾರಿಗೂ ಹಚ್ಚಲು ಬಿಡಲಿಲ್ಲ. ಮರುದಿನ ಅಕ್ಕ ಗಂಡನ ಜೊತೆ ಹೊರಟಾಗ, ಉಂಡಿ ಚಕ್ಕುಲಿಯ ಗಂಟಿನ ಜೊತೆಗೆ ಆ ಕಟ್ಟನ್ನೂ ಕೊಟ್ಟ. ನೀರು ಅವರ ಊರಿನ ಗೇಟಿಗೆ ಬಂದ ದಿನ, ದೀಪ ಹಚ್ಚುವ ಹೊತ್ತಿಗೆ ಅಕ್ಕ ಮಾಳಿಗೆ ಹತ್ತಿ ಒಂದು ರಾಕೆಟ್ ಹಾರಿಸಬೇಕು. ಆ ನೀರು ನಮ್ಮ ಹೊಲ ಮುಟ್ಟುವುದು ಬೆಳಗಿನ ಜಾವಕ್ಕೆ. ಅಪ್ಪ ಮನೆಯಲ್ಲಿ ಮಲಗಿ ನಸುಕಿನಲ್ಲಿ ಹೊರಟರೆ ಸಾಕು. ನಮ್ಮ ಮಾಳಿಗೆಯ ಮೇಲೆ ನಿಂತು ನೋಡುವ ಕೆಲಸ ನನ್ನದು. ನನಗಾಗ ಹದಿನಾಲ್ಕು ವರ್ಷ. ಅವ್ವ ಅದನ್ನು ಬಾಣ ಎನ್ನುತ್ತಿದ್ದಳು. "ಹತ್ತು, ಬಾಣ ಬಂತೇನು ನೋಡು" ಎಂದು ನನ್ನನ್ನು ಓದುವಲ್ಲಿಂದ ಎಬ್ಬಿಸುತ್ತಿದ್ದಳು.

ಒಂದು ಸಲ ಮೋಸವೂ ಆಯಿತು. ಅಕ್ಕನ ಊರಿನಲ್ಲಿ ಯಾರದೋ ಮದುವೆ. ಮೆರವಣಿಗೆಯಲ್ಲಿ ಹಾರಿದ ರಾಕೆಟ್ಟನ್ನು ನಾನು ನೀರಿನದೆಂದು ತಿಳಿದು ಕೂಗಿದೆ. ಅಪ್ಪ ಅಕ್ಕಪಕ್ಕದ ಹೊಲದವರಿಗೆಲ್ಲ ಹೇಳಿಬಂದ. ನಸುಕಿನಲ್ಲಿ ನಾಲ್ಕು ಜನ ಸಲಿಕೆ ಹೊತ್ತು ಹೋಗಿ ಒಣಗಿದ ಕಾಲುವೆಯ ಏರಿಯ ಮೇಲೆ ಹೊತ್ತು ಏರುವವರೆಗೆ ಕುಳಿತು ಬಂದರು. ಒಂದು ತಿಂಗಳು ಅವರು ನನ್ನನ್ನು ಕಂಡಾಗಲೆಲ್ಲ "ಏನವ್ವಾ, ಇವತ್ತು ಯಾರ ಮದುವಿ?" ಎಂದು ಕೇಳುತ್ತಿದ್ದರು. ಆಮೇಲೆ ಅಕ್ಕ ಒಂದು ಉಪಾಯ ಮಾಡಿದಳು. ಒಂದು ರಾಕೆಟ್ ಹಾರಿಸಿ, ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟು ಹೊತ್ತು ಬಿಟ್ಟು ಇನ್ನೊಂದು. ಸಂಭ್ರಮಕ್ಕೆ ಹಾರಿಸುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಎರಡರ ನಡುವೆ ಆ ಹೊತ್ತು ಬಿದ್ದರೆ ಅದು ಅಕ್ಕನೇ. ನಾನು ಮಾಳಿಗೆಯ ಅಂಚಿನ ಕುಂಬಿಗೋಡೆ ಹಿಡಿದುಕೊಂಡು, ಅಕ್ಕ ಈಗ ಅಲ್ಲಿ ನಿಂತಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ ಎಂದುಕೊಳ್ಳುತ್ತ ಎರಡನೆಯದಕ್ಕೆ ಕಾಯುತ್ತಿದ್ದೆ. ಅಕ್ಕ ಹೋದ ಮೇಲೆ ಮನೆಯಲ್ಲಿ ನನ್ನ ಜೊತೆ ಜಗಳವಾಡಲು ಯಾರೂ ಇರಲಿಲ್ಲ. ಆ ಸಂಜೆಗಳಲ್ಲಿ ಅವಳು ಬಹಳ ನೆನಪಾಗುತ್ತಿದ್ದಳು.

ಮೂರನೆಯ ವರ್ಷ ಅಪ್ಪನ ಬಾಯಿ ಎಲ್ಲವನ್ನೂ ಕೆಡಿಸಿತು.

ಮೇಲಿನ ಊರಿನವರು ತಮ್ಮ ಹೊಲಕ್ಕೆ ನೀರು ಬಿಡುವ ತೂಬನ್ನು ಹಾರೆಯಿಂದ ಅಗಲ ಮಾಡಿದ್ದರು. ಅವರಲ್ಲಿ ಯಾರು ಮಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಪಾಲಿನ ನೀರು ಅರ್ಧಕ್ಕೆ ಇಳಿದಿದ್ದು ಮಾತ್ರ ನಿಜ. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಎರಡೂ ಊರಿನವರು ಕೂಡಿದಾಗ ಅಪ್ಪ ಎದ್ದು ನಿಂತು, ಅಕ್ಕನ ಮಾವನ ಕಡೆಗೇ ಕೈ ಮಾಡಿ, "ಬ್ಯಾರೆಯವರನ್ನ ಯಾಕ ಕೇಳ್ತೀರಿ? ಮೊದಲನೇ ನೀರುಗಳ್ಳ ನಮ್ಮ ಬೀಗರೇ" ಎಂದುಬಿಟ್ಟ. ನಮ್ಮ ಕಡೆ ಬೀಗರನ್ನು ಮನೆಯೊಳಗೆ ಏನಾದರೂ ಅನ್ನಬಹುದು, ನಾಲ್ಕು ಜನರ ನಡುವೆ ಅನ್ನುವಂತಿಲ್ಲ. ಬೀಗರು ಸಾವಕಾಶ ಎದ್ದು ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು.

"ಹೆಣ್ಣು ಕೊಟ್ಟವರಂತ ಕೈ ಎತ್ತಿಲ್ಲ. ಇವತ್ತಿನಿಂದ ನನ್ನ ಹೊಸ್ತಲಾ ತುಳೀಬ್ಯಾಡ್ರಿ."

"ತುಳಿಯೂದಿಲ್ಲ" ಎಂದ ಅಪ್ಪ. "ನಿಮ್ಮ ಮನಿ ನೀರೂ ಮುಟ್ಟೂದಿಲ್ಲ."

ಇಬ್ಬರು ಗಂಡಸರು ಹಾಗೆಂದು ತಮ್ಮ ತಮ್ಮ ದಾರಿ ಹಿಡಿದರು. ನಡುವೆ ಸಿಕ್ಕಿಕೊಂಡವಳು ಅಕ್ಕ. ಆ ವರ್ಷ ನಾಗರ ಪಂಚಮಿಗೆ ಅವಳು ತವರಿಗೆ ಬರಲಿಲ್ಲ. ಕರೆಯಲು ಅಪ್ಪ ಹೋಗಲಿಲ್ಲ, ಕಳಿಸಲು ಅವರು ಒಪ್ಪಲಿಲ್ಲ. ಅವ್ವ ಉಂಡಿ ಕಟ್ಟಿ ಡಬ್ಬಿ ತುಂಬಿದಳು, ಒಂದನ್ನೂ ಬಾಯಿಗೆ ಇಡಲಿಲ್ಲ. "ಅಕಿ ಈಗ ಆ ಮನಿಯಾಕಿ" ಎಂದಷ್ಟೇ ಅಪ್ಪ ಹೇಳಿದ. ಅವನ ಮೇಲೆ ನನಗೆ ಬಂದ ಸಿಟ್ಟು ಎಷ್ಟಿತ್ತೆಂದರೆ ಒಂದು ವಾರ ಅವನಿಗೆ ಊಟಕ್ಕೆ ನಾನು ನೀಡಲಿಲ್ಲ. ಅವನಿಗದು ಗೊತ್ತೂ ಆಗಲಿಲ್ಲ.

ಜಗಳದ ನಂತರದ ಮೊದಲ ಪಾಳಿ ಬಂತು. "ಯಾರೂ ಮಾಳಗಿ ಹತ್ತಬ್ಯಾಡ್ರಿ" ಎಂದು ಅಪ್ಪ ಹುಕುಂ ಮಾಡಿದ. ನಾನು ಒಣಹಾಕಿದ್ದ ಕುಳ್ಳು ತರುವ ನೆಪದಲ್ಲಿ ಹತ್ತಿದೆ. ಶಹಾಪುರದ ಗುಡ್ಡ ಕಪ್ಪಾದ ಸ್ವಲ್ಪ ಹೊತ್ತಿಗೆ ಅಕ್ಕನ ಊರಿನ ಕಡೆ ಒಂದು ಗೆರೆ ಎದ್ದು ಒಡೆಯಿತು. ಎಲೆ ಅಡಿಕೆಯ ಹೊತ್ತು. ಇನ್ನೊಂದು. ನನಗೆ ಅಳು ಬಂತು. ಕೆಳಗಿಳಿದು ಬಂದು ಯಾರಿಗೂ ಹೇಳಲಿಲ್ಲ, ಹೊಲ ಒಣಗಲಿ, ಅಪ್ಪನಿಗೆ ಬುದ್ಧಿ ಬರಲಿ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮೂಲೆಯಲ್ಲಿ ಸಲಿಕೆ ಇರಲಿಲ್ಲ. ಅಪ್ಪ ಹಿತ್ತಲಲ್ಲಿ ನಿಂತು ನೋಡಿದ್ದ.

ಅವಳು ಹೇಳುವುದನ್ನು ಬಿಡಲಿಲ್ಲ, ಇವನು ಕೇಳುವುದನ್ನು ಬಿಡಲಿಲ್ಲ, ಮಾತು ಮಾತ್ರ ಇಲ್ಲ. ಎರಡು ವರ್ಷ ಹೀಗೇ ನಡೆಯಿತು. ರಾಕೆಟ್ಟು ಎಲ್ಲಿಂದ ಬರುತ್ತವೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಎರಡನೆಯ ವರ್ಷದ ದೀಪಾವಳಿಗೆ ಅಪ್ಪನ ಜೊತೆ ಶಹಾಪುರದ ಸಂತೆಗೆ ಹೋದಾಗ ತಿಳಿಯಿತು. ಪಟಾಕಿ ಅಂಗಡಿಯ ಚಾಚಾ ಹಳಬರು. ಅವರ ತಂದೆ ಕೈಯಿಂದಲೇ ಮದ್ದು ತುಂಬಿ ಮದುವೆಗಳಿಗೆ ಹೂಕುಂಡ ಮಾಡಿಕೊಡುತ್ತಿದ್ದರಂತೆ. ಅವರು ರಾಕೆಟ್ಟಿಗೆ ಹವಾಯಿ ಎನ್ನುತ್ತಿದ್ದರು. ಅಪ್ಪನನ್ನು ಕಂಡ ಕೂಡಲೇ ಏನೂ ಕೇಳದೆ ಒಂದು ಕಟ್ಟು ತೆಗೆದಿಟ್ಟರು.

"ನಿಮ್ಮ ಅಳಿಯ ನಾಳಿಗಿ ಬರ್ತಾರ. ಹಬ್ಬದ ಇನಾಮು ಅಂತ ಅವರ ಚೀಲದಾಗ ಹಾಕ್ತೀನಿ. ಹೋದ ವರ್ಷದ ಹಂಗ."

"ಕೋಲು ಮುರೀರಿ" ಎಂದ ಅಪ್ಪ. "ಉದ್ದ ಕೋಲು ಚೀಲದ ಹೊರಗ ಕಾಣ್ತಾವ. ಆ ಮನಿಯವರು ಕೇಳ್ತಾರ."

ಚಾಚಾ ತಲೆ ಅಲ್ಲಾಡಿಸಿದರು. "ಹೋದ ವರ್ಷನೂ ಹೇಳೀನಿ ನಿಮಗ. ಹವಾಯಿಗಿ ಕೋಲೇ ದಾರಿ ತೋರ್ಸೂದು. ಕೋಲು ಇಲ್ಲಂದ್ರ ಎತ್ತಾಗ ಹೋಗ್ತದೋ ಯಾರಿಗಿ ಗೊತ್ತು?"

"ಅಕಿ ಶ್ಯಾಣ್ಯಾಕಿ ಅದಾಳ. ಬ್ಯಾರೆ ಕಟ್ಟಿಕೋತಾಳ."

ಚಾಚಾ ಒಂದೊಂದಾಗಿ ಕೋಲು ಮುರಿದರು. ಅಪ್ಪ ಮೋರೆ ಆ ಕಡೆ ತಿರುಗಿಸಿ ನಿಂತಿದ್ದ. ಮಗಳ ಮನೆಗೆ ಕದ್ದು ರಾಕೆಟ್ ಕಳಿಸುವ ಬದಲು ಒಂದು ಮಾತು ಕಳಿಸಬಾರದೇ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಅನ್ನಲಿಲ್ಲ. ಅನ್ನಬೇಕಿತ್ತು.

ಅಕ್ಕ ನಿಜಕ್ಕೂ ಜಾಣೆ. ಹಿತ್ತಲಲ್ಲಿ ಒಟ್ಟಿದ ತೊಗರಿ ಕಟ್ಟಿಗೆಯಲ್ಲಿ ತೆಳ್ಳಗೆ ನೆಟ್ಟಗೆ ಇರುವುದನ್ನು ಆರಿಸಿ, ರಾಕೆಟ್ಟಿಗೆ ದಾರದಿಂದ ಬಿಗಿದು, ಬೆರಳ ಮೇಲೆ ಇಟ್ಟು ತೂಗಿ ನೋಡಿ ಹಾರಿಸುತ್ತಿದ್ದಳಂತೆ. ಮೊದಲ ವರ್ಷ ಎಲ್ಲವೂ ನೆಟ್ಟಗೆ ಹಾರಿದವು. ಆದರೆ ಮರುವರ್ಷ ಅವರ ತೊಗರಿ ಕಾಲುವೆಯ ನೀರಿನಲ್ಲಿ ಬೆಳೆದದ್ದು. ಮಳೆಯ ಮೇಲೆ ಬೆಳೆದ ತೊಗರಿಯ ಕಟ್ಟಿಗೆ ಸಣ್ಣಗೆ, ಗಟ್ಟಿಯಾಗಿ ಇರುತ್ತದೆ. ನೀರು ಕುಡಿದು ಬೆಳೆದದ್ದು ದಪ್ಪ, ಒಳಗೆ ಹಸಿ, ರಾಕೆಟ್ಟಿಗೆ ಭಾರ. ಇದು ನಮಗೆಲ್ಲ ಗೊತ್ತಾದದ್ದು ಆಮೇಲೆ.

ಶಿವರಾತ್ರಿಯ ಹಿಂದುಮುಂದು. ಹೊಲದಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತು, ನೀರು ತಪ್ಪಿದರೆ ಬರೀ ಬಳ್ಳಿ. ಮೂರು ಸಂಜೆ ಮಾಳಿಗೆ ಹತ್ತಿ ಇಳಿದೆ. ಮೂರನೆಯ ಸಂಜೆ ರಾಕೆಟ್ಟು ಕಾಣಲಿಲ್ಲ, ಆದರೆ ಅಕ್ಕನ ಊರಿನ ಕಡೆ ನೆಲದ ಹತ್ತಿರ ಕೆಂಪಗೆ ಏನೋ ಮಿನುಗಿತು. ಯಾರೋ ಹತ್ತಿ ಕಟ್ಟಿಗೆ ಸುಡುತ್ತಿರಬೇಕು ಎಂದುಕೊಂಡು ಕೆಳಗಿಳಿದೆ. ಅಪ್ಪನಿಗೆ ಹೇಳುವಂಥದ್ದು ಏನಿದೆ ಅದರಲ್ಲಿ?

ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಹೊಲದವರು ಬಾಗಿಲಿಗೆ ಬಂದು ಕೂಗಿದರು. "ನೀರ ಬಂದು ಹಳ್ಳಕ್ಕ ಹರಿಯಾಕತ್ತಾವ, ಮನ್ಯಾಗ ಮಲಗೀರೇನ್ರಿ?" ಅಪ್ಪ ಸಲಿಕೆ ಎತ್ತಿಕೊಂಡು ಓಡಿದ. ನಾನೂ ಹಿಂದೆ ಓಡಿದೆ. ಬದು ಕಡಿದು ನೀರನ್ನು ಶೇಂಗಾಕ್ಕೆ ತಿರುಗಿಸಿದ. ಎರಡು ಸಾಲು ತುಂಬುವಷ್ಟರಲ್ಲಿ ಅವನ ಕೈ ನಿಂತುಹೋಯಿತು.

"ನೀರ ಬಂದಾವ" ಎಂದ, ತನಗೆ ತಾನೇ. "ಬಾಣ ಯಾಕ ಬರಲಿಲ್ಲ?"

ಆಗ ನಾನು ಹಿಂದಿನ ಸಂಜೆ ಕಂಡ ಕೆಂಪು ಬೆಳಕಿನ ವಿಷಯ ಹೇಳಿದೆ. ಅಪ್ಪ ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸಲಿಕೆಯನ್ನು ಬದುವಿಗೆ ನೆಟ್ಟು, ಪಕ್ಕದವರಿಗೆ "ಸ್ವಲ್ಪ ನೋಡಿಕೋರಿ" ಎಂದು ಹೇಳಿ ಏರಿ ಹತ್ತಿದ. ಹೊಲದ ಮುಕ್ಕಾಲು ಭಾಗ ಇನ್ನೂ ಒಣಗಿತ್ತು. ಎರಡು ದಿನದ ಪಾಳಿಗಾಗಿ ತಿಂಗಳುಗಟ್ಟಲೆ ಎಲ್ಲರ ಜೀವ ತಿಂದ ಮನುಷ್ಯ, ಹರಿಯುವ ನೀರನ್ನು ಹಾಗೇ ಬಿಟ್ಟು ಹೊರಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ದಾರಿಯುದ್ದಕ್ಕೂ ಅವನು ಒಂದೇ ಒಂದು ಸಲ ಬಾಯಿ ಬಿಟ್ಟ. "ಕೆಂಪಂದ್ರ ಎಷ್ಟು ಕೆಂಪು ಇತ್ತು?" ಎಂದು ಕೇಳಿದ. ಬಹಳ ಏನಿಲ್ಲ ಎಂದು ಸುಳ್ಳು ಹೇಳಿದೆ. ಮೊಣಕಾಲಿನವರೆಗೆ ಕೆಸರಾದ ಕಾಲಿನಲ್ಲಿ ಅವನು ಎಷ್ಟು ಬಿರುಸಾಗಿ ನಡೆದನೆಂದರೆ ನಾನು ಓಡಬೇಕಾಯಿತು.

ಅಕ್ಕನ ಮನೆಯ ಹಿಂದೆ ಜೋಳದ ಕಣಿಕಿಯ ಬಣವೆ ಇದ್ದ ಜಾಗದಲ್ಲಿ ಕಪ್ಪು ಬೂದಿ ಇತ್ತು. ಇನ್ನೂ ಹೊಗೆಯ ವಾಸನೆ. ದನಗಳಿಗೆ ಮಳೆಗಾಲದವರೆಗೆ ಬರಬೇಕಾದ ಮೇವು. ಏನಾಗಿದೆ ಎನ್ನುವುದು ಅಪ್ಪನಿಗೆ ಅಲ್ಲಿಯೇ ತಿಳಿದುಹೋಗಿತ್ತು. ಮೊದಲೇ ಮಾತಿಲ್ಲದ ಮನೆ, ಅದರ ಮೇಲೆ ತವರಿಗೆ ಸುದ್ದಿ ಕಳಿಸಲು ಹೋಗಿ ಬಣವೆ ಸುಟ್ಟ ಸೊಸೆ. ಇವಳನ್ನು ಇವತ್ತೇ ನಮ್ಮ ಜೊತೆ ಕಳಿಸಿಬಿಡುತ್ತಾರೆ, ಮತ್ತೆ ಕರೆಯುವುದಿಲ್ಲ ಎಂದು ನಾನು ಅಂದುಕೊಂಡೆ. ಅವನೂ ಅದನ್ನೇ ಅಂದುಕೊಂಡಿರಬೇಕು.

ಬೀಗರು ಕಟ್ಟೆಯ ಮೇಲೆ ಕುಳಿತಿದ್ದರು. ಅಪ್ಪ ಅಂಗಳದಲ್ಲೇ, ಹೊಸ್ತಿಲಿಗೆ ನಾಲ್ಕು ಮಾರು ದೂರದಲ್ಲಿ ನಿಂತ. ಎರಡು ವರ್ಷದ ನಂತರ ಮೊದಲು ಮಾತಾಡಿದವರು ಬೀಗರು.

"ನೀರ ನಿನ್ನೇನೇ ಬಂದಾವ. ನಿಮಗ ಮುಟ್ಟಿಲ್ಲೇನು?"

"ನಾ ನೀರ ಕೇಳಾಕ ಬಂದಿಲ್ಲರಿ" ಎಂದ ಅಪ್ಪ. "ಮಗಳು ಹ್ಯಾಂಗದಾಳ?"

ಬೀಗರು ಸ್ವಲ್ಪ ಹೊತ್ತು ಅಪ್ಪನ ಕೆಸರುಗಾಲನ್ನೇ ನೋಡಿದರು. ಆಮೇಲೆ ಹೇಳಿದರು. ರಾಕೆಟ್ಟು ಮೇಲೆ ಹೋಗದೆ ಅಡ್ಡ ತಿರುಗಿ ಬಣವೆಗೆ ಬಿತ್ತು. ಉಳಿದವರು ನೀರು ತರುವಷ್ಟರಲ್ಲಿ ಅಕ್ಕ ಬರಿಗೈಯಲ್ಲಿ ಉರಿಯುವ ಕಣಿಕಿಯ ಸಿವುಡುಗಳನ್ನು ಕಿತ್ತು ಎಳೆದಳು. ಎರಡೂ ಕೈ ಸುಟ್ಟಿದ್ದವು. ಅಳಿಯ ಅವಳನ್ನು ಕೂಡಲೇ ಸುರಪುರದ ದವಾಖಾನೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿ ತಂದಿದ್ದ. ಬೆರಳುಗಳಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಅಳಿಯ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಅಪ್ಪ ಅವನ ಕಡೆ ನೋಡಿ, "ತಪ್ಪು ಅಕಿದಲ್ಲ. ಕೋಲು ಮುರಿಸಿ ಕಳಿಸಿದವ ನಾನು. ನಾ ಕೊಟ್ಟದ್ದಂತ ನಿನಗ ಗೊತ್ತಾಗದ ಹಂಗ ಚೀಲದಾಗ ಹಾಕಿಸ್ತಿದ್ದೆ" ಎಂದ.

"ನನಗ ಮೊದಲಿಂದ ಗೊತ್ತದರಿ ಮಾಮಾ" ಎಂದ ಅಳಿಯ. "ನಿಚ್ಚಣಿಕಿ ಹಿಡಿದವ ನಾನೇ."

"ನನಗೂ ಗೊತ್ತಿತ್ತು" ಎಂದರು ಬೀಗರು, ಬೇರೆ ಕಡೆ ನೋಡುತ್ತ. "ಮಾಳಗಿ ಮ್ಯಾಲ ಬಾಣ ಸುಯ್ ಅಂದ್ರ ಕೆಳಗ ಕುಂತವಗ ಕೇಳ್ಸೂದಿಲ್ಲೇನು? ನಾ ಏನ ಕಿವುಡನೇನು?"

ಎರಡೂ ಮನೆಯವರು ಎರಡು ವರ್ಷ ಒಬ್ಬರಿಗೊಬ್ಬರು ತಿಳಿಯದಂತೆ ಮುಚ್ಚಿಟ್ಟಿದ್ದು ಎಲ್ಲರಿಗೂ ತಿಳಿದಿದ್ದ ಸಂಗತಿಯನ್ನು. ಬಣವೆ ಸುಟ್ಟಿದ್ದು, ನನ್ನ ಅಕ್ಕನ ಕೈ ಸುಟ್ಟಿದ್ದು ಅದಕ್ಕಾಗಿ. ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನನ್ನ ಶಾಲೆಯ ಮಕ್ಕಳಿಗೆ ಬೈಯುವಂತೆ ಬೈಯಬೇಕು ಎಂದು ಈಗಲೂ ಅನಿಸುತ್ತದೆ.

ಬೀಗತಿ ಒಳಗಿನಿಂದ ತಂಬಿಗೆ ತಂದು ಅಪ್ಪನ ಮುಂದೆ ಇಟ್ಟರು. ಮನೆಗೆ ಬಂದವರಿಗೆ ಕಾಲಿಗೆ ಕೊಡುವ ನೀರು. ಅಪ್ಪ ತಂಬಿಗೆಯನ್ನು ನೋಡಿದ. ಆ ಮನೆಯ ನೀರು ಮುಟ್ಟುವುದಿಲ್ಲ ಎಂದವನು. ಬೀಗರೂ ನೋಡುತ್ತಿದ್ದರು. ಅಪ್ಪ ಬಗ್ಗಿ ತಂಬಿಗೆ ಎತ್ತಿಕೊಂಡು, ಒಂದು ಕಾಲು, ಇನ್ನೊಂದು ಕಾಲು ತೊಳೆದು, ಉಳಿದ ನೀರಿನಿಂದ ಮೋರೆ ತೊಳೆದುಕೊಂಡು ಒಳಗೆ ಹೋದ.

ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಬಿಳಿ ಪಟ್ಟಿ. ಪಕ್ಕದಲ್ಲಿ ತಾಟು, ಅರ್ಧ ರೊಟ್ಟಿ, ಅವಳ ಅತ್ತೆ ತಿನ್ನಿಸುತ್ತಿದ್ದಾಗ ನಾವು ಬಂದಿದ್ದೆವು. ಅಪ್ಪನನ್ನು ಕಂಡು ಏಳಲು ಹೋದಳು, ಕೈ ಊರಲಾಗದೆ ಹಾಗೇ ಕುಳಿತಳು.

"ಅಪ್ಪಾ, ಬಾಣ ಹಾರಲಿಲ್ಲ" ಎಂದಳು. ತಪ್ಪು ಮಾಡಿದ ಸಣ್ಣ ಹುಡುಗಿಯ ಹಾಗೆ ಅಳುತ್ತಿದ್ದಳು. "ಶೇಂಗಾ ಒಣಗ್ಯಾವೇನೋ."

ಅಪ್ಪ ಅವಳ ಮುಂದೆ ಕುಳಿತ. ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದ. ನಮ್ಮಪ್ಪ ತನ್ನ ಮಕ್ಕಳಿಗೆ ತುತ್ತು ತಿನ್ನಿಸಿದ್ದನ್ನು ನಾನು ಕಂಡಿರಲಿಲ್ಲ. ತುತ್ತು ದೊಡ್ಡದಾಗಿತ್ತು, ಅವನಿಗೆ ಅಳತೆ ಗೊತ್ತಿರಲಿಲ್ಲ. ಅಕ್ಕ ಅಳುತ್ತಲೇ ಅಗಿದಳು. ಅವಳು ನುಂಗುವವರೆಗೆ ಕಾದು ಅವನು ಹೇಳಿದ.

"ಇನ್ನ ಮ್ಯಾಲ ನೀ ಏನೂ ಹಾರಿಸಬ್ಯಾಡವ್ವಾ. ನೀರ ಬಂದಾವೇನಂತ ಕೇಳಾಕ ನಾನೇ ಬರ್ತೀನಿ."

ಆ ವರ್ಷ ಶೇಂಗಾ ಅರ್ಧಕ್ಕರ್ಧ ಹೋಯಿತು. ನಮ್ಮ ಗಾಡಿಯಲ್ಲಿ ಎರಡು ಸಲ ಕಣಿಕಿ ಅವರ ಮನೆಗೆ ಹೋಯಿತು. ಅಪ್ಪ ಹೇಳಿದಂತೆಯೇ ಮಾಡಿದ. ಪಾಳಿಯ ವಾರದಲ್ಲಿ ಏರಿ ಹಿಡಿದು ಅಕ್ಕನ ಊರಿಗೆ ನಡೆದು ಹೋಗಿ, ಕಟ್ಟೆಯ ಮೇಲೆ ಬೀಗರ ಜೊತೆ ಚಹಾ ಕುಡಿದು, ನೀರು ಬಂತೇ ಎಂದು ಕೇಳಿಕೊಂಡು ಬರುತ್ತಿದ್ದ. ಬೇಸಿಗೆಯಲ್ಲಿ ಕಾಲುವೆಯನ್ನು ಪೂರ್ತಿ ಬಂದ್ ಮಾಡುತ್ತಾರೆ, ಎರಡು ತಿಂಗಳು ಹನಿ ನೀರೂ ಇರುವುದಿಲ್ಲ. ಆಗಲೂ ವಾರಕ್ಕೊಮ್ಮೆ ಹೋಗಿ ಕೇಳಿ ಬರುತ್ತಿದ್ದ.